ಎಂಟು ಗುಟುಕು ಮಳೆ

ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಇದು ಜಂಬವಲ್ಲ, ಹೊಟ್ಟೆಪಾಡು. ಪೊನ್ನಂಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಕೂತು, ಹೆಸರಿನ ಜಾಗದಲ್ಲಿ ವಿಳಾಸ ಬರೆದವರನ್ನೂ ವಿಳಾಸದ ಜಾಗದಲ್ಲಿ ಕಷ್ಟಸುಖ ಬರೆದವರನ್ನೂ ಎದುರಿಗೆ ಕೂರಿಸಿಕೊಂಡು ತಿದ್ದಿ ಕಳಿಸಿದವನು ನಾನು. ಅಂಥವನು ಮೊನ್ನೆ ಏಪ್ರಿಲಿನಲ್ಲಿ ಒಂದೇ ಒಂದು ಹಾಳೆಯ ಎದುರು ಮೂರು ಸಂಜೆ ಪೆನ್ನು ಹಿಡಿದು ಕೂತೆ. ಮೂರನೆಯ ಸಂಜೆ ಹೆಂಡತಿ ರೇಖಾ ಬಂದು ಪೆನ್ನಿಗೆ ಕ್ಯಾಪ್ ಹಾಕಿ, "ಇಂಕು ಒಣಗೋಯ್ತದೆ ಕಣ್ರೀ" ಎಂದಳು. ಅವಳು ಶನಿವಾರಸಂತೆ ಕಡೆಯವಳು. ಅವಳ ಕನ್ನಡದಲ್ಲಿ ಹಾಸನದ ಗಾಳಿ ಬೀಸುತ್ತದೆ, ಬೈದರೂ ಕರೆದು ಕೂರಿಸಿದ ಹಾಗಿರುತ್ತದೆ.

ಹಾಳೆ ಮಕ್ಕಳ ಶಾಲೆಯಿಂದ ಬಂದದ್ದು. 'ನಿಮ್ಮ ಮಗುವಿನಲ್ಲಿ ವಿಶೇಷ ಪ್ರತಿಭೆಯಿದೆಯೇ?' ಎಂದು ಮೇಲೆ ದಪ್ಪಕ್ಷರ. ಕೆಳಗೆ ಹದಿನೆಂಟು ಪ್ರಶ್ನೆ, ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ಆಯ್ಕೆಯಾದ ಮಗುವಿಗೆ ಮೈಸೂರಿನಲ್ಲಿ ಒಂದು ತಿಂಗಳು ಬೇಸಿಗೆ ಶಿಬಿರ. ಅಲ್ಲಿ ದೂರದರ್ಶಕ, ಪ್ರಯೋಗಶಾಲೆ, ದೊಡ್ಡವರ ಪಾಠ ಎಲ್ಲ ಉಂಟಂತೆ. ಇಷ್ಟೇ ಆಗಿದ್ದರೆ ಐದು ನಿಮಿಷದ ಕೆಲಸ. ಆದರೆ ಕಟ್ಟಕಡೆಗೆ, ನಕ್ಷತ್ರದ ಗುರುತು ಹಾಕಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿತ್ತು: ಒಂದು ಕುಟುಂಬದಿಂದ ಒಂದೇ ಹೆಸರು. ಸೋಮವಾರ ಕೊನೆಯ ದಿನ.

ನಮಗೆ ಇಬ್ಬರು. ಧನ್ಯಳಿಗೆ ಹನ್ನೊಂದು, ಚಿಂತನ್‌ಗೆ ಒಂಬತ್ತು. 'ಮಗು ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳುತ್ತದೆಯೇ?' ಇಬ್ಬರೂ ಕೇಳುತ್ತಾರೆ. ನಮಗೆ ಉತ್ತರ ಗೊತ್ತಿರುವ ಪ್ರಶ್ನೆ ಅವರು ಕೇಳಿ ಎರಡು ವರ್ಷವಾಯಿತು. 'ಒಂದೇ ಚಟುವಟಿಕೆಯಲ್ಲಿ ದೀರ್ಘಕಾಲ ಮಗ್ನವಾಗಿರುತ್ತದೆಯೇ?' ಧನ್ಯ ಪುಸ್ತಕ ಹಿಡಿದರೆ ಊಟಕ್ಕೆ ಎಳೆದು ತರಬೇಕು. ಚಿಂತನ್ ವಾಷಿಂಗ್ ಮೆಷೀನಿನ ಗಾಜಿನ ಬಾಗಿಲಿನ ಎದುರು ಮಣೆ ಹಾಕಿಕೊಂಡು ನಲವತ್ತೈದು ನಿಮಿಷ ತನ್ನ ಚಡ್ಡಿ ತಿರುಗುವುದನ್ನು ನೋಡುತ್ತಾನೆ. ರೇಖಾ ಬೆರಳು ಮಡಚಿ ಲೆಕ್ಕ ಹಾಕಿದಳು. ಧನ್ಯಳಿಗೆ ಹದಿನಾರು ಹೌದು, ಚಿಂತನ್‌ಗೂ ಹದಿನಾರು ಹೌದು. ಮಕ್ಕಳನ್ನೇ ಕೇಳೋಣವೆಂದರೆ, ಧನ್ಯ "ಅಲ್ಲಿ ಕೋಳಿಸಾರು ಇರುತ್ತಾ?" ಎಂದಳು, ಚಿಂತನ್ "ಅಕ್ಕ ಹೋದರೆ ಅವಳ ಮಂಚ ನನಗಾ?" ಎಂದ. ಕೇಳುವಾಗ ಅವನು ನಗುತ್ತಲೇ ಇದ್ದ. ಆದರೆ ಅವನು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದದ್ದು ನನಗೆ ಕಾಣಿಸಿತು.

"ಒಂದು ಕೆಲಸ ಮಾಡಿ," ಎಂದಳು ರೇಖಾ, "ಭಾನುವಾರ ಗಾಳಿಬೀಡಿಗೆ ಹೋಗಿ ಮಾವನ್ನೇ ಕೇಳಾನ. ಪ್ರತಿಭೆ ಗುರ್ತಿಸೋದ್ರಲ್ಲಿ ಅವರು ಪಳಗಿದ ಕೈ ಅಲ್ವಾ? ನಿಮ್ಮನ್ನ ಏಳನೇ ವಯಸ್ಸಿಗೇ ಕಂಡು ಹಿಡಿದ್ರಲ್ಲ."

ಗಾಳಿಬೀಡಿನ ತೋಟದಲ್ಲಿರುವ ನನ್ನಪ್ಪನ ಮಾತು ಬಂದದ್ದೇ ನಾನು ಹಾಳೆಯನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದೆ. ಯಾಕೆ ಎಂದು ಹೇಳಬೇಕಾದರೆ ನಿಮಗೆ ನಮ್ಮೂರಿನ ಒಂದು ಚಟದ ವಿಷಯ ಹೇಳಬೇಕು.

ಬೇರೆ ಕಡೆ ಜನ ಎದುರಾದರೆ ಊಟ ಆಯಿತಾ, ಚೆನ್ನಾಗಿದ್ದೀರಾ ಎಂದು ಕೇಳುತ್ತಾರೆ. ಕೊಡಗಿನ ಕಾಫಿ ತೋಟದವರು "ನಿಮ್ಮಲ್ಲಿ ಎಷ್ಟು?" ಎಂದು ಕೇಳುತ್ತಾರೆ. ಎಷ್ಟು ಎಂದರೆ ಮಳೆ. ಅದೂ ಜೋರು, ಸಾಧಾರಣ ಎಂದರೆ ನಡೆಯುವುದಿಲ್ಲ. ಇಂಚು ಮತ್ತು ಸೆಂಟಿನಲ್ಲಿ ಹೇಳಬೇಕು. ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ಪ್ರತಿ ತೋಟದಲ್ಲೂ ಮರದ ನೆರಳು ಬೀಳದ ಜಾಗದಲ್ಲಿ ಒಂದು ಮಳೆಮಾಪಕ ನಿಂತಿರುತ್ತದೆ: ಮೇಲೆ ಆಲಿಕೆ, ಒಳಗೆ ಡಬ್ಬ, ಅಳೆಯಲು ಗೆರೆ ಕೊರೆದ ಒಂದು ಗಾಜಿನ ಲೋಟ. ಬೆಳಿಗ್ಗೆ ಎಂಟಕ್ಕೆ ಅಳೆದು, ಪುಸ್ತಕದಲ್ಲಿ ಬರೆದು, ನೆರೆತೋಟದವರಿಗೆ ಫೋನು ಮಾಡಬೇಕು. ಮದುವೆಮನೆಯಲ್ಲಿ ಧಾರೆಗೆ ಮೊದಲು ಇದೇ ಮಾತು. ಸಾವಿನ ಮನೆಗೆ ಹೋದವರೂ ಕಣ್ಣೊರೆಸಿಕೊಂಡು ಎರಡು ನಿಮಿಷ ಬಿಟ್ಟು, ತಗ್ಗಿದ ದನಿಯಲ್ಲಿ "ನಿನ್ನೆ ನಿಮ್ಮಲ್ಲಿ ಎಷ್ಟು?" ಎನ್ನುತ್ತಾರೆ. ಭಾಗಮಂಡಲದ ಕಡೆಯವರ ಅಂಕಿ ಯಾವಾಗಲೂ ನಮ್ಮದಕ್ಕಿಂತ ದೊಡ್ಡದು, ಆದ್ದರಿಂದ ಅವರನ್ನು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಈಗ ಇದೆಲ್ಲ ವಾಟ್ಸಾಪಿನಲ್ಲಿ ನಡೆಯುತ್ತದೆ, ಚಟ ಮಾತ್ರ ಹಾಗೇ ಇದೆ.

ಅಪ್ಪನಿಗೆ ಈ ಚಟ ಕೊಂಚ ಜಾಸ್ತಿ. ನನಗೆ ಏಳು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಅಪ್ಪ ಲೋಟ ಎತ್ತಿ ಹಿಡಿದರು, ಕನ್ನಡಕ ಮನೆಯಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ಸುತ್ತ ನಾವು ಮೂವರು ಇದ್ದೆವು: ಹತ್ತು ವರ್ಷದ ದಿನೇಶಣ್ಣ, ನಾನು, ನಾಲ್ಕು ವರ್ಷದ ತಂಗಿ ಜಾನಕಿ. ನಮ್ಮ ಮನೆಮಾತು ಅರೆಭಾಷೆ. ಪೂರ್ತಿ ಹಾಗೇ ಬರೆದರೆ ನಿಮಗೆ ತೊಡರಬಹುದೆಂದು ಕೊಂಚ ಬಾಚಿ ಬರೆಯುತ್ತಿದ್ದೇನೆ. 'ಉಟ್ಟು' ಎಂದರೆ ಇದೆ, 'ಇಲ್ಲೆ' ಎಂದರೆ ಇಲ್ಲ, ಇಷ್ಟು ನೆನಪಿದ್ದರೆ ಸಾಕು.

"ಎಷ್ಟ್ ಉಟ್ಟು, ನೋಡಿನೆ," ಎಂದರು ಅಪ್ಪ.

ಅಣ್ಣ ಬಗ್ಗಿ ನೋಡಿ, "ತುಂಬ ಉಟ್ಟು" ಎಂದ. ನಾನು ಆ ವಾರವಷ್ಟೇ ಶಾಲೆಯಲ್ಲಿ ಅಳತೆಪಟ್ಟಿ ಕಲಿತಿದ್ದೆ. ಗೆರೆ ಎಣಿಸಿ, "ನಲವತ್ತೆಂಟು" ಎಂದೆ. ಜಾನು ಲೋಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ಎತ್ತಿದಳು, ಗಟಗಟ ಕುಡಿದು ಮುಗಿಸಿದಳು.

ಅಪ್ಪ ಅವತ್ತಿನ ಪುಟದಲ್ಲಿ ಬರೆದದ್ದು ಇಂದಿಗೂ ಇದೆ: 'ನಲವತ್ತೆಂಟು ಸೆಂಟು. ಓದಿದ್ದು ಮೋಹನ. ಕುಡಿದದ್ದು ಜಾನಕಿ.' ಆ ಒಂದು ಸಾಲಿನಲ್ಲಿ ನಮ್ಮ ಮನೆಯ ಪಾಲುಪಟ್ಟಿ ಆಗಿಹೋಯಿತು. ದಿನೇಶಣ್ಣನಿಗೆ ಶಕ್ತಿ, ನನಗೆ ಬುದ್ಧಿ, ಜಾನುವಿಗೆ 'ಪಾಪ'. ಅವಳ ಪಾಲಿಗೆ ಬಂದದ್ದು ಅದೊಂದೇ ಶಬ್ದ. ಬಂದವರ ಎದುರು ಅಪ್ಪ ಪರಿಚಯ ಮಾಡಿಸುತ್ತಿದ್ದದ್ದೇ ಹಾಗೆ: "ಇವ ದೊಡ್ಡವ, ಗಟ್ಟಿಗ. ಇವ ಮೋಹನ, ತಲೆ ಉಟ್ಟು. ಇದ್ ಜಾನು, ಪಾಪ." ಒಂದು ಮನೆಗೆ ಒಂದೇ ರೇಡಿಯೋ ಇದ್ದ ಕಾಲ ಅದು. ಒಂದು ಮನೆಗೆ ಒಬ್ಬನೇ ಬುದ್ಧಿವಂತ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ನನಗಂತೂ ಕಾಣಲೇ ಇಲ್ಲ.

ಬುದ್ಧಿ ನನ್ನದೆಂದು ತೀರ್ಮಾನವಾದ ಮೇಲೆ ಮಳೆಮಾಪಕವೂ ನನ್ನ ತಲೆಗೇ ಬಂತು. ಮೂರು ವರ್ಷ ಪ್ರಾಮಾಣಿಕನಾಗಿದ್ದೆ. ಮಾಪಕ ಇದ್ದದ್ದು ಕಾಫಿ ಒಣಗಿಸುವ ಕಣದ ಆಚೆ, ಹುಲ್ಲಿನ ದಿಬ್ಬದ ಮೇಲೆ. ಜುಲೈ ಬೆಳಿಗ್ಗೆ ಅಲ್ಲಿಗೆ ಹೋಗಿಬರುವುದೆಂದರೆ ಕಾಲಿಗೆ ಹದಿನಾಲ್ಕು ಜಿಗಣೆ. ಎಣಿಸಿಯೇ ಹೇಳುತ್ತಿದ್ದೇನೆ, ಬುದ್ಧಿವಂತನಲ್ಲವೇ. ಹತ್ತನೇ ವಯಸ್ಸಿನಲ್ಲಿ ನನ್ನ ಬುದ್ಧಿ ಪೂರ್ಣವಾಗಿ ಅರಳಿತು: ಒಂದು ದಿನ ಕಂಬಳಿಯೊಳಗಿಂದಲೇ ಕೂಗಿ "ಎರಡು ಹತ್ತು", ಅಂದರೆ ಎರಡು ಇಂಚು ಹತ್ತು ಸೆಂಟು, ಎಂದುಬಿಟ್ಟೆ. ಅಪ್ಪ ಪಕ್ಕದ ತೋಟದ ಅಚ್ಚಯ್ಯ ಮಾವನಿಗೆ ಫೋನು ತಿರುಗಿಸಿದರು. ಅಚ್ಚಯ್ಯ ಮಾವ ಸೈನ್ಯದಿಂದ ಬಂದವರು, ಸೆಂಟು ಸೆಂಟಿಗೂ ಸೆಲ್ಯೂಟು ಹೊಡೆಯುವ ಜಾತಿ. ಫೋನಿನಿಂದ ಅವರ ದನಿ ನಮ್ಮ ಕೋಣೆಗೂ ಕೇಳಿಸಿತು: "ಎರಡು ಹತ್ತಾ? ನಮ್ಮಲ್ಲಿ ನಾಲ್ಕು ಇಪ್ಪತ್ತು! ನಿಮ್ಮ ತೋಟದ ಮೇಲೆ ಕೊಡೆ ಹಿಡಿದಿದ್ದೀರಾ?"

ಅಪ್ಪ ಹುಬ್ಬು ಗಂಟಿಕ್ಕಿಕೊಂಡು ಓಡಾಡಿದರು. ನಾನು ಕಂಬಳಿಯೊಳಗೆ ಬೆವರಿದೆ. ಆಗ ಕೋಳಿಗೂಡಿನ ಕಡೆಯಿಂದ ಒಳಬಂದ ಜಾನು ನನ್ನ ಕಿವಿಯ ಹತ್ತಿರ ಬಗ್ಗಿ, "ಎರಡಲ್ಲ ಮಾರಾಯ, ನಾಲ್ಕು ಉಟ್ಟು. ನಾಲ್ಕಕ್ಕಿಂತ ಒಂಚೂರು ಮೇಲೆ" ಎಂದಳು.

ಅವಳಿಗೆ ಆಗ ಏಳು ವರ್ಷ. ಹೇಗೆ ಗೊತ್ತು ಎಂದು ಕೇಳಿದರೆ ಬಲಗೈ ಚಾಚಿದಳು. ಮೊಣಕೈಯಿಂದ ನಾಲ್ಕು ಬೆರಳು ಕೆಳಗಿನವರೆಗೆ ಕೈ ಒದ್ದೆಯಾಗಿತ್ತು.

ವಿಷಯ ಇಷ್ಟೇ. ಮನೆಗೆ ಮಿಕ್ಸಿ ಬಂದ ಮೇಲೆ ಅಜ್ಜಿಯ ಕಲ್ಲಿನ ಒರಳನ್ನು ಕೋಳಿಗೂಡಿನ ಪಕ್ಕ ಬಯಲಿಗೆ ಉರುಳಿಸಿದ್ದರು. ಕೋಳಿ ಜಾನುವಿನ ಪಾಲಿನ ಕೆಲಸ. ಪ್ರತಿ ಬೆಳಿಗ್ಗೆ ಕೋಳಿ ಬಿಡುವ ಮೊದಲು ಒರಳಿನ ಮಳೆನೀರಿಗೆ ಕೈ ಇಳಿಸಿ ತಳ ಮುಟ್ಟುವುದು ಅವಳ ಆಟ. ಆಮೇಲೆ ನೀರು ಗೋರಿ ಖಾಲಿ ಮಾಡುತ್ತಿದ್ದಳು. ಒಳಗೆ ಬಂದು, ನಾನು ಪುಸ್ತಕದಲ್ಲಿ ಬರೆದ ಅಂಕಿ ನೋಡುತ್ತಿದ್ದಳು. ಬೆರಳಿನ ಗಂಟು ಮುಳುಗಿದ ದಿನ ಇಷ್ಟು, ಅಂಗೈ ಮುಳುಗಿದ ದಿನ ಇಷ್ಟು, ಬಳೆ ಮುಳುಗಿದರೆ ಎರಡೂವರೆ. ಎರಡು ಮಳೆಗಾಲ ಹೀಗೆ ಹೊಂದಿಸಿ ಹೊಂದಿಸಿ ಅವಳ ಕೈಯೇ ಲೋಟವಾಗಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ಅವಳು ಹೇಳಿದ್ದೂ ಅಲ್ಲ.

ನೀವಾಗಿದ್ದರೆ ಈ ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಊರಿಡೀ ಮೆರವಣಿಗೆ ಮಾಡುತ್ತಿದ್ದಿರಿ. ನಾನು ಅವಳನ್ನು ಕೆಲಸಕ್ಕೆ ಇಟ್ಟುಕೊಂಡೆ.

ಅವತ್ತು ಅಪ್ಪನಿಗೆ "ಕನ್ನಡಕ ಬೇಕಾಗಿತ್ತೋ ಏನೋ, ನಾಲ್ಕು ಹತ್ತನ್ನು ಎರಡು ಹತ್ತು ಓದಿಬಿಟ್ಟೆ" ಎಂದು ಸುಳ್ಳು ಹೇಳಿ ಉಳಿದುಕೊಂಡೆ. ಅಲ್ಲಿಂದ ಮೂರು ಮಳೆಗಾಲ ನಮ್ಮ ತೋಟದ ಮಳೆಯನ್ನು ಅಳೆದದ್ದು ಜಾನುವಿನ ಬಲಗೈ. ಅವಳು ಬಂದು ಅಂಕಿ ಪಿಸುಗುಟ್ಟುವುದು, ನಾನು ಎದ್ದು ಗಂಭೀರವಾಗಿ ಪುಸ್ತಕದಲ್ಲಿ ಬರೆಯುವುದು. ಪ್ರತಿಯಾಗಿ ವಾರಕ್ಕೊಮ್ಮೆ ನನ್ನ ಬೇಯಿಸಿದ ಮೊಟ್ಟೆಯ ಬಿಳಿ ಅವಳಿಗೆ. ಹಳದಿ ನನ್ನದೇ. ಕೋಳಿ ಸಾಕುವವಳು ಅವಳು, ಮಳೆ ಅಳೆಯುವವಳು ಅವಳು, ಹಳದಿ ತಿನ್ನುವವನು ನಾನು. ಇದರಲ್ಲಿ ಏನಾದರೂ ಅನ್ಯಾಯ ಇದೆ ಎಂದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಆರು ಇಂಚು ದಾಟಿದರೆ ಒರಳು ತುಂಬಿ ಹರಿಯುತ್ತಿತ್ತು. ಅಂಥ ದಿನ ಅವಳು ಬಂದು ನನ್ನ ಕಂಬಳಿ ಎಳೆದು, "ಇಂದ್ ನಂಗೆ ಗೊತ್ತಿಲ್ಲೆ, ನೀನೇ ಹೋಕು" ಎನ್ನುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಕೂಡ ಆ ಮನೆಯಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು.

ಮರುವರ್ಷ ಜೂನಿನಲ್ಲಿ ಮೊದಲ ಮಳೆ ಬಿದ್ದಾಗ ಇನ್ನೊಂದು ತಮಾಷೆಯಾಯಿತು. ನಾನು ಕಂಬಳಿಯೊಳಗೆ ಅಂಕಿಗಾಗಿ ಕಾಯುತ್ತಿದ್ದೆ. ಅವಳು ಬಂದು, "ಈ ವಾರ ಇಡೀ ನೀ ಹೋಗಿ ನೋಡೊಕು" ಎಂದಳು.

"ಯಾಕೆ? ಒರಳಿಗೆ ಎಂತ ಆತ್?"

"ಒರಳಿಗೆ ಎಂತ ಆತಿಲ್ಲೆ. ನನ್ನ ಕೈ ಬೆಳ್ದುಟ್ಟು. ಹೋದ ವರ್ಷದ ಲೆಕ್ಕ ಈಗ ಸರಿ ಇಲ್ಲೆ."

ನಾನು ಸೊಂಟಕ್ಕೆ ಗೋಣಿ ಸುತ್ತಿಕೊಂಡು ಗೊಣಗುತ್ತ ದಿಬ್ಬ ಹತ್ತಿದೆ. ನೋಡಿ, ಎಂಟು ವರ್ಷದ ಹುಡುಗಿ ತಾನು ಅಳೆಯುವ ಕೋಲೇ ಉದ್ದವಾಗಿದೆ ಎಂದು ತಾನಾಗಿ ಕಂಡುಕೊಂಡಿದ್ದಾಳೆ, ಹೊಸ ಗುರುತು ಹಾಕಿಕೊಳ್ಳಲು ಒಂದು ವಾರದ ನಿಜವಾದ ಅಂಕಿ ಕೇಳುತ್ತಿದ್ದಾಳೆ. ಮನೆಯ ಅಧಿಕೃತ ಬುದ್ಧಿವಂತನಿಗೆ ಆಗ ಅನ್ನಿಸಿದ್ದು ಒಂದೇ: ಈ ಹುಡುಗಿ ಸೋಮಾರಿಯಾಗುತ್ತಿದ್ದಾಳೆ.

ನನ್ನ ಕೀರ್ತಿ ಬೆಳೆಯಿತು. ಅಚ್ಚಯ್ಯ ಮಾವ ತಮ್ಮ ಅಂಕಿಯನ್ನು ನಮ್ಮ ಅಂಕಿಯ ಜೊತೆ ತಾಳೆ ನೋಡುವಷ್ಟು ಬೆಳೆಯಿತು. "ಮೋಹನನ ಕಣ್ಣು ಭಾರಿ ಕರೆಕ್ಟ್" ಎಂದು ಅವರು ಸರ್ಟಿಫಿಕೇಟು ಕೊಟ್ಟರು. ಹದಿಮೂರಕ್ಕೆ ನನ್ನನ್ನು ದೂರದ ವಸತಿಶಾಲೆಗೆ ಸೇರಿಸುವುದೆಂದು ಅಪ್ಪ ನಿರ್ಧರಿಸಿದರು. ಒಬ್ಬನನ್ನು ಕಳಿಸುವ ಶಕ್ತಿ ಮಾತ್ರ ಇದೆ, ಕಳಿಸುವುದಾದರೆ ತಲೆ ಇರುವವನನ್ನು ಎಂದು. ಅಲ್ಲಿ ಹೋಗಿ ನೋಡಿದರೆ ತರಗತಿಯಲ್ಲಿ ನಲವತ್ತು ಜನ, ನಲವತ್ತು ಜನರೂ ಅವರವರ ಮನೆಯ ಬುದ್ಧಿವಂತರು. ಮೊದಲ ಪರೀಕ್ಷೆಯಲ್ಲಿ ನಾನು ಮೂವತ್ತೇಳನೆಯವನಾದೆ. ಉಳಿದ ಮೂವರಿಗೆ ಆ ದಿನ ಜ್ವರ ಇತ್ತು.

ನಾನು ಹೊರಟ ಬೆಳಿಗ್ಗೆ ಮಳೆ ಪುಸ್ತಕ ಯಾರಿಗೆ ಎಂಬ ಮಾತು ಬಂತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಜಾನು, "ನಾ ನೋಡ್ಲಾ ಅಪ್ಪ?" ಎಂದಳು. ಅಪ್ಪ ಜೋರಾಗಿ ನಕ್ಕರು. "ನೀನಾ? ನೀ ಕುಡ್ದುಬಿಡ್ತೀಯ!" ಎಲ್ಲರೂ ನಕ್ಕರು. ಜಾನುವೂ ನಕ್ಕಳು. ಪೆಟ್ಟಿಗೆ ಹೊತ್ತು ನಿಂತಿದ್ದ ನಾನೂ ನಕ್ಕೆ. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಪುಸ್ತಕ ದಿನೇಶಣ್ಣನಿಗೆ ಹೋಯಿತು. ಅವನು ಜಿಗಣೆಗಳಿಗೆ ರಕ್ತ ಕೊಟ್ಟು ಇವತ್ತಿನವರೆಗೂ ನಿಯತ್ತಿನಿಂದ ಅಳೆಯುತ್ತಿದ್ದಾನೆ. ಜಾನು ಪಿಯುಸಿಗೆ ಓದು ನಿಲ್ಲಿಸಿದಳು, ಮದುವೆಯಾಗಿ ಭಾಗಮಂಡಲದ ಕಡೆ ಹೋದಳು, ಅಲ್ಲಿ ಕರಿಮೆಣಸಿನ ಬಳ್ಳಿಯ ನರ್ಸರಿ ಮಾಡಿದ್ದಾಳೆ. ಹನ್ನೆರಡು ಸಾವಿರ ಬಳ್ಳಿಯಲ್ಲಿ ಯಾವ ಸಾಲಿಗೆ ಯಾವತ್ತು ನೀರು ಕೊಟ್ಟದ್ದು ಎಂಬುದನ್ನು ಬರೆದಿಟ್ಟುಕೊಳ್ಳದೆ ಹೇಳುತ್ತಾಳೆ.

ಈಗ ಗೊತ್ತಾಯಿತಲ್ಲ, ರೇಖಾ ಅಪ್ಪನ ಹೆಸರೆತ್ತಿದಾಗ ನಾನು ಯಾಕೆ ಹಾಳೆಯನ್ನು ತಲೆಕೆಳಗಾಗಿ ಹಿಡಿದೆನೆಂದು.

ಭಾನುವಾರ ಬೆಳಗಿನ ಜಾವವೇ ಹೊರಟೆವು. ಹಿಂದಿನ ಸಂಜೆ ಗಾಳಿಬೀಡಿನಲ್ಲಿ ಒಂದು ಬೇಸಿಗೆ ಮಳೆ ಬಿದ್ದಿತ್ತು. ಎಂಟಕ್ಕೆ ಐದು ನಿಮಿಷ ಇರುವಾಗ ನಾವು ಅಂಗಳಕ್ಕೆ ಇಳಿದೆವು. ಜಾನುವೂ ಬಂದಿದ್ದಳು, ಅಣ್ಣನ ತೋಟಕ್ಕೆ ಮೆಣಸಿನ ಬಳ್ಳಿ ತಂದು. ಅಪ್ಪನಿಗೆ ಈಗ ಎಪ್ಪತ್ತೆಂಟು. ಫಾರಮ್ಮಿನ ವಿಷಯ ಕೇಳಿದ್ದೇ ಅವರ ಮುಖ ಅರಳಿತು.

"ಹದಿನೆಂಟು ಪ್ರಶ್ನೆ ಎಂತಕೆ? ಒಂದು ಪ್ರಶ್ನೆ ಸಾಕು. ಬನ್ನಿ ಮಕ್ಕಳೇ, ಒಂದು ನಿಮಿಷದಲ್ಲಿ ಹೇಳ್ತೇನೆ."

ಎಲ್ಲರೂ ಮೆರವಣಿಗೆ ಹೊರಟೆವು. ರೇಖಾ ಕೈಯಲ್ಲಿ ಫಾರಂ, ಅದರ ಕೆಳಗೆ ಒಂದು ರಟ್ಟು, ಕಿವಿಯ ಮೇಲೆ ಪೆನ್ನು. ದಾರಿಯುದ್ದಕ್ಕೂ ಅಪ್ಪ ಮೊಮ್ಮಕ್ಕಳಿಗೆ ಪುರಾಣ ಹೇಳಿದರು: ನಿಮ್ಮಪ್ಪ ಏಳನೇ ವಯಸ್ಸಿಗೆ ಹೇಗೆ ಗೆರೆ ಓದಿದ, ಮೂರು ಮಳೆಗಾಲ ಒಂದು ಸೆಂಟೂ ತಪ್ಪದೆ ಹೇಗೆ ಬರೆದ, ನಿಮ್ಮತ್ತೆ ಹೇಗೆ ಕುಡಿದಳು. ಕುಡಿದ ಭಾಗಕ್ಕೆ ಬಂದಾಗ ಎಲ್ಲರೂ ಯಥಾಪ್ರಕಾರ ನಕ್ಕರು, ಜಾನು ಯಥಾಪ್ರಕಾರ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಒಂದು ಕಾಫಿ ಗಿಡವನ್ನು ಬಹಳ ಆಸಕ್ತಿಯಿಂದ ನೋಡಿದೆ.

ದಿನೇಶಣ್ಣ ನೀರು ಸುರಿದು ಲೋಟ ಎತ್ತಿ ಹಿಡಿದ. ಧನ್ಯ ಒಂದು ಕಣ್ಣು ಮುಚ್ಚಿ, "ಮೂವತ್ತೆರಡು" ಎಂದಳು. ಚಿಂತನ್ ಬಹಳ ಹೊತ್ತು ನೋಡಿ, "ಒಳಗೆ ಒಂದು ಇರುವೆ ಈಜ್ತಾ ಇದೆ" ಎಂದ.

"ಆತಲ್ಲ!" ಅಪ್ಪ ಚಪ್ಪಾಳೆ ತಟ್ಟಿದರು. "ಬರಿ ರೇಖಾ, ಧನ್ಯ ಅಂತ ಬರಿ. ಇವ ಪಾಪ."

ಆ ಶಬ್ದ ಅಷ್ಟು ವರ್ಷದ ಮೇಲೆ ಇನ್ನೊಂದು ತಲೆಯ ಮೇಲೆ ಬಂದು ಕೂತದ್ದನ್ನು ನಾನು ಕಣ್ಣಾರೆ ನೋಡಿದೆ. ಚಿಂತನ್ ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಿಧಾನಕ್ಕೆ ಜಾನುವಿನ ಪಕ್ಕಕ್ಕೆ ಸರಿದು ನಿಂತ. ಸೋತವರ ಸಾಲು ಯಾವುದೆಂದು ಮಕ್ಕಳಿಗೆ ಯಾರೂ ತೋರಿಸಬೇಕಾಗಿಲ್ಲ. ರೇಖಾ ಪೆನ್ನಿನ ಕ್ಯಾಪ್ ತೆಗೆದಳು.

"ಅತ್ತೆ," ಎಂದ ಚಿಂತನ್, "ನೀನು ಯಾಕೆ ಕುಡಿದೆ?"

ನಗುವವರೆಲ್ಲ ಅಷ್ಟು ವರ್ಷ ನಕ್ಕಿದ್ದೆವು. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

"ಅದಾ?" ಜಾನು ಸೆರಗಿನಲ್ಲಿ ಅವನ ಮೂಗು ಒರೆಸಿದಳು. "ದೊಡ್ಡಣ್ಣ ತುಂಬ ಉಟ್ಟು ಹೇಳ್ದ. ಇವ ನಲವತ್ತೆಂಟು ಹೇಳ್ದ. ಯಾರದ್ದು ಸರಿ ನೋಡಕಲ್ಲ? ನಂಗೆ ಗೆರೆ ಓದಿಕೆ ಬಾತಿತ್ತಿಲ್ಲೆ, ಎಣಿಸಿಕೆ ಬಾತಿತ್ತ್. ಹಂಗೆ ಕುಡ್ದ್ ಎಣಿಸಿದೆ. ಎಂಟ್ ಗುಟುಕು ಇತ್ತ್." ಆಮೇಲೆ ಸೇರಿಸಿದಳು: "ಒಂದ್ ಗುಟುಕಿಗೆ ಆರು ಸೆಂಟ್ ಬಿತ್ತ್. ಅದ್ ಮತ್ತೆ ಭಾಗಾಕಾರ ಕಲ್ತ ಮೇಲೆ ಗೊತ್ತಾದ್."

ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಸೀನಿದ ಹಾಗಾಯಿತು. "ರೇಖಾ, ಬರೀಬೇಡ!" ಎಂದು ಕೂಗಿದೆ. ಅಂಗಳದಲ್ಲಿದ್ದ ನಾಯಿ ಕೂಡ ತಿರುಗಿ ನೋಡಿತು. ಆಮೇಲೆ ಕಂಬಳಿ, ಒರಳು, ಬಳೆ, ಮೊಟ್ಟೆಯ ಬಿಳಿ, ಬೆಳೆದ ಕೈ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೇಳುತ್ತ ಎಷ್ಟು ಹಗುರಾದೆನೆಂದರೆ ಕೊನೆಗೆ ಕೈಕಾಲು ಆಡಿಸಿ ಅಭಿನಯ ಕೂಡ ಮಾಡಿದೆ. ದಿನೇಶಣ್ಣ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತ. "ಥೂ, ನಾ ಮೂವತ್ತು ವರ್ಷ ಜಿಗಣೆಗೆ ರಕ್ತ ಕೊಟ್ಟೆ, ಒರಳು ಅಲ್ಲೇ ಇತ್ತ್!" ಎಂದ.

ಅಪ್ಪ ಮಾತ್ರ ನಗಲಿಲ್ಲ. ಸೀದಾ ಮನೆಗೆ ಹೋಗಿ ಆ ಕಾಲದ ಮಳೆ ಪುಸ್ತಕ ತೆಗೆದು ಜಗಲಿಯಲ್ಲಿ ಕೂತರು. ಪುಟದಲ್ಲೆಲ್ಲ ನನ್ನ ದುಂಡಗಿನ ಅಕ್ಷರ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟರು.

"ಇದ್?"

"ಜಾನು."

"ಇದ್, ಮೂರು ಎಂಬತ್ತು?"

"ಜಾನು."

"ಆರು ನಲವತ್ತು?"

"ಅದು ನಾನೇ ಅಪ್ಪ. ಅವತ್ತು ಒರಳು ತುಂಬಿ ಹರಿದಿತ್ತು."

ಹದಿನೈದು ಪುಟ ಹೀಗೇ ನಡೆಯಿತು. ಮಕ್ಕಳಿಗೆ ಇದು ಆಟವಾಗಿ, ಅಪ್ಪ ಬೆರಳಿಟ್ಟ ಕೂಡಲೇ ಇಬ್ಬರೂ "ಜಾನೂ!" ಎಂದು ಕಿರುಚತೊಡಗಿದರು. ಜಾನು ಒಳಗಿನಿಂದ "ಎಂತ ಕರೆದ್ದು?" ಎನ್ನುತ್ತ ಬಂದು, ವಿಷಯ ತಿಳಿದು, ತಲೆ ಚಚ್ಚಿಕೊಂಡು, ಮತ್ತೆ ಒಳಗೆ ಹೋಗುವಳು. ಅಪ್ಪ ಅಚ್ಚಯ್ಯ ಮಾವನಿಗೆ ಫೋನು ಹಚ್ಚಿದರು. ಅಚ್ಚಯ್ಯ ಮಾವನಿಗೆ ಈಗ ಕಿವಿ ಮಂದ, ಹಾಗಾಗಿ ಈ ತಪ್ಪೊಪ್ಪಿಗೆ ಇಡೀ ಗಾಳಿಬೀಡಿಗೆ ಕೇಳಿಸುವಂತೆ ನಡೆಯಿತು.

"ಆ ಮೂರು ವರ್ಷದ ಮಳೆ ಮೋಹನಂದಲ್ಲ! ಜಾನಕೀದು!"

"ಯಾವ ಜಾನಕಿ? ಕುಡಿದವಳಾ?"

"ಹೌದು! ಕುಡಿದವಳೇ! ಕುಡಿದದ್ದೂ ಅಳತೆಗೆ!"

ಫೋನಿಟ್ಟ ಮೇಲೆ ಅಪ್ಪ ಮಳೆ ಪುಸ್ತಕ ಮುಚ್ಚಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ನಾ ನೋಡ್ಲಾ ಅಪ್ಪ ಅಂತ ಕೇಳಿತ್ ಅದ್. ನಾ ನಗಾಡ್ದೆ" ಎಂದರು. ನನಗೆ ನಾಚಿಕೆಯಾಯಿತು, ಅವತ್ತು ಅಪ್ಪ ನಕ್ಕಾಗ ಸತ್ಯ ಗೊತ್ತಿದ್ದವನು ನಾನೊಬ್ಬನೇ.

ಅಪ್ಪ ಕೈ ಚಾಚಿದರು. ರೇಖಾ, ಹಿರಿಯರು ಕೇಳಿದರೆಂದು, ಫಾರಂ ಕೊಟ್ಟಳು, ಪೆನ್ನು ಕೊಟ್ಟಳು. ಅಪ್ಪ ಕನ್ನಡಕ ಸರಿಮಾಡಿಕೊಂಡು, ಮಳೆ ಪುಸ್ತಕ ಬರೆಯುವ ಅದೇ ನಿಧಾನದಲ್ಲಿ ತುಂಬತೊಡಗಿದರು. ಹೆಸರು: ಜಾನಕಿ. ವಯಸ್ಸು: ನಲವತ್ತೊಂದು. ಪ್ರತಿಭೆ ಮೊದಲು ಕಂಡುಬಂದ ವಯಸ್ಸು: ನಾಲ್ಕು. ಪೋಷಕರ ಗಮನಕ್ಕೆ ಬಂದದ್ದು: ಇಂದು.

"ಮಾವ! ಅದು ಪೆನ್ಸಿಲಲ್ಲ, ಪೆನ್ನು! ನಾಳೆ ಕೊಡ್ಬೇಕು ಅದ್ನ!" ರೇಖಾ ಬಾಯಿ ಬಡಿದುಕೊಂಡಳು. ಅಷ್ಟರಲ್ಲಿ ಅಪ್ಪ ಹದಿನೆಂಟು ಚೌಕಕ್ಕೂ ಹೌದು ಎಂದು ಗುರುತು ಹಾಕಿ, ಪೋಷಕರ ಸಹಿ ಎಂಬಲ್ಲಿ ಉದ್ದಕ್ಕೆ ಸಹಿ ಎಳೆದಾಗಿತ್ತು.

ನಕ್ಕೂ ನಕ್ಕೂ ನಮ್ಮ ಪಕ್ಕೆ ನೋಯಿತು. ರೇಖಾ ಕೂಡ ಸೋತು ನಕ್ಕಳು: "ಹೋಗ್ಲಿ ಬಿಡಿ, ಶಿಬಿರ ಬರೋ ವರ್ಷಾನೂ ಇರ್ತದೆ. ಅಷ್ಟರಲ್ಲಿ ಇಬ್ಬರಿಗೂ ಒಂದೊಂದು ಹಾಳೆ ಕೊಡೋ ಹಾಗೆ ಶಾಲೆಯವರ ಹತ್ರ ಜಗಳ ಆಡ್ತೀನಿ." ಮಕ್ಕಳಿಗೆ ಶಿಬಿರದ ನೆನಪೇ ಇರಲಿಲ್ಲ. ಇಬ್ಬರೂ ಕೋಳಿಗೂಡಿನ ಹಿಂದೆ ಹುಲ್ಲು ಸರಿಸಿ ಒರಳು ಹುಡುಕಿ, ಮೊಣಕೈಯವರೆಗೆ ಕೈ ಮುಳುಗಿಸಿ, "ನಿಂದೆಷ್ಟು, ನಂದೆಷ್ಟು" ಎಂದು ಕಿತ್ತಾಡುತ್ತಿದ್ದರು. ಜಾನು ಫಾರಂ ಎತ್ತಿ ಓದಿ, "ಅಪ್ಪಂಗೆ ಮಂಡೆ ಸರಿ ಇಲ್ಲೆ" ಎಂದು ನಕ್ಕು, ಅಡುಗೆಮನೆಗೆ ಹೋದಳು. ಮಧ್ಯಾಹ್ನ ಊಟಕ್ಕೆ ಬಡಿಸುವಾಗಲೂ ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು.

ಸಂಜೆ ನಾಲ್ಕಕ್ಕೆ ಅವಳನ್ನು ಮಡಿಕೇರಿಯ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಭಾಗಮಂಡಲದ ಬಸ್ಸು ನಿಂತಿತ್ತು. ಕಿಟಕಿ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಗ ನೆನಪಾಯಿತು.

"ಜಾನು, ಆ ಫಾರಂ ನಿನ್ನ ಹತ್ತಿರ ಉಳಿಯಿತಾ? ಕೊಡು ಇಲ್ಲಿ. ವೈಟ್ನರ್ ಹಚ್ಚಿ ಒಣಗಿಸಿದರೆ ಸರಿಯಾಗ್ತದೆ. ನಾಳೆ ಕೊನೇ ದಿನ. ನನಗೆ ಇದೆಲ್ಲ ಅಭ್ಯಾಸ ಉಟ್ಟು."

ಅವಳು ಚೀಲದ ಜಿಪ್ ಎಳೆದಳು. ಹಾಳೆ ಮಡಿಸಿರಲಿಲ್ಲ. ಮುದುಡಬಾರದೆಂದು ಎರಡು ಹಳೆಯ ಕ್ಯಾಲೆಂಡರ್ ರಟ್ಟಿನ ನಡುವೆ ಇಟ್ಟು, ದಾರ ಸುತ್ತಿದ್ದಳು. ಒಂದು ಸಲ ಅದನ್ನು ನೋಡಿದಳು, ಮತ್ತೆ ಒಳಗಿಟ್ಟು ಜಿಪ್ ಹಾಕಿದಳು. ಬೆಳಗಿನಿಂದ ನಗುತ್ತಿದ್ದವಳ ಮುಖದಲ್ಲಿ ಈಗ ನಗು ಇರಲಿಲ್ಲ.

"ಕೊಡ್ದುಲೆ," ಎಂದಳು. "ಇದ್ ನಂದ್."

ಕಂಡಕ್ಟರ್ ಸೀಟಿ ಊದಿದ. ಅವಳು ಎರಡೂ ಕೈಯಲ್ಲಿ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು, ಬಸ್ಸು ಹೊರಟಿತು.